ಕಲಬುರಗಿಯಿಂದ ಬೆಂಗಳೂರಿಗಿ ಏರ್ ಆಂಬುಲೆನ್ಸ್: ಟೀಮಿಗಿ ಐದು ಸ್ಟಾರ್, ಏಜೆಂಟಗ ಅರ್ಧ

ಮೊದಲಾ ಹೇಳಿಬಿಡ್ತೀನಿ, ಕಂಪನಿ ಹೆಸರು ಹಾಕಂಗಿಲ್ಲ. ರೊಕ್ಕಿನ ಲೆಕ್ಕ ಇನ್ನಾ ಮುಗಿದಿಲ್ಲ, ಮ್ಯಾಲ ನಮ್ ಭಾವ ವಕೀಲ ಇದ್ದಾನ, ಹೆಸರು ಬರದಿ ಅಂದ್ರ ಕೇಸಿನಾಗ ನೀನಾ ಸಿಗಬೀಳ್ತಿ ನೋಡು ಅಂದಾನ. ಆದ್ರ ಬರೀಲೇಬೇಕು ಅನಿಸ್ತು ಯಾಕಂದ್ರ ಆ ರಾತ್ರಿ ನಾ ಮೊಬೈಲ್ ಹಿಡ್ಕೊಂಡು ಎರಡು ತಾಸು ಹುಡುಕೀನಿ, ಕಲಬುರಗಿ ಏರ್ ಆಂಬುಲೆನ್ಸ್ ಅಂತ ಹೊಡೆದ್ರ ಬರೋದು ಪೂರಾ ಜಾಹೀರಾತೇ. ಐದು ವೆಬ್‌ಸೈಟಿನಾಗ ಅದೇ ವಿಮಾನ ಅದೇ ನಗೋ ನರ್ಸ್ ಫೋಟೋ. ಖರೇ ಹತ್ತಿದವರು ಯಾರೂ ನಾಕ್ ಸಾಲು ಬರದಿಲ್ಲ.

ಆಗಿದ್ದು ಏನಂದ್ರ, ನಮ್ ಕಾಕಾ ಕಾಕಿ ಮತ್ತ ಬೀಗರು ಎಲ್ಲಾ ಕೂಡಿ ಹನ್ನೊಂದು ಮಂದಿ ಕ್ರೂಸರ್ ಮಾಡ್ಕೊಂಡು ಗಾಣಗಾಪುರಕ್ಕ ದತ್ತನ ದರ್ಶನಕ್ಕ ಹೋಗಿದ್ರು. ಹೊಳ್ಳಿ ಬರೋ ಮುಂದ ಟೈರ್ ಬರ್ಸ್ಟ್ ಆಗಿ ಗಾಡಿ ಪಲ್ಟಿ. ಕಾಕಾನ ಮಗ ನನಗ ಫೋನ್ ಮಾಡಿ ಅಳ್ಳಾಕತ್ತಾನ, ನಾ ಇಲ್ಲಿ ಸೂಪರ್ ಮಾರ್ಕೆಟಿನಾಗ ನಿಂತೀನಿ, ಅಲ್ಲಿಂದಲೇ 108 ಹಚ್ಚಿ "ಗಾಣಗಾಪುರ ರೋಡಿಗಿ ಆಕ್ಸಿಡೆಂಟ್ ಆಗ್ಯದ ಜಲ್ದಿ ಬರ್ರಿ" ಅಂದೆ. ಎಷ್ಟು ಮಂದಿ ಅಂತ ಕೇಳಿದ್ರು. ಗೊತ್ತಿಲ್ರಿ ಮೊದಲ ಗಾಡಿ ಕಳಸ್ರಿ ಅಂತ ಚೀರಿ ಫೋನ್ ಇಟ್ಟೆ.

ನಮ್ ಕಡಿ ಮಂದಿಗಿ ಇಷ್ಟೊತ್ತಿಗಾಗಲೇ ತಿಳಿದಿರಬೇಕು ಏನ್ ಎಡವಟ್ಟು ಆಯ್ತಂತ. ಗಾಣಗಾಪುರ ರೋಡ್ ಅಂದ್ರ ರೈಲ್ವೆ ಸ್ಟೇಷನ್ ಹೆಸರು! ಸೋಲಾಪುರ ಲೈನಿಗಿ ಬರ್ತದಲ್ಲ ಅದು. ಗುಡಿಗೂ ಆ ಸ್ಟೇಷನ್ನಿಗೂ ಹತ್ರ ಹತ್ರ ಇಪ್ಪತ್ತು ಕಿಲೋಮೀಟರ್ ಅಂತರ ಅದ. ಪಾಪ ಗಾಡಿ ಸ್ಟೇಷನ್ ಕಡಿ ಹೊಂಟಿತ್ತು, ಅದೂ ಒಂದೇ ಗಾಡಿ, ಯಾಕಂದ್ರ ಹನ್ನೊಂದು ಮಂದಿ ಅಂತ ನಾ ಹೇಳೇ ಇಲ್ಲ. ತಪ್ಪು ಅವ್ರದಲ್ಲ ನಂದು. ಅಷ್ಟರಾಗ ಹೊಲದವರು ಬಂದು ಟಂಟಂ, ಟ್ರ್ಯಾಕ್ಟರ್ ಸಿಕ್ಕಿದ್ದರಾಗ ಎಲ್ಲರನ್ನೂ ಹಾಕಿ ಒಂದೇ ಆಸ್ಪತ್ರಿಗಿ ತಂದು ಇಳಿಸ್ಯಾರ, ಅಲ್ಲಿ ಇದ್ದ ಡ್ಯೂಟಿ ಡಾಕ್ಟ್ರು ಒಬ್ಬರೇ. ಕೈ ತರಚಿದವರೂ ಚೀರ್ತಾರ, ಪಕ್ಕೆಲುಬು ಮುರಿದ ಕಾಕಾ ಸುಮ್ಕ ಮಲಗ್ಯಾನ. ಚೀರೋರ ಹತ್ರ ಮೊದಲ ಹೋದ್ರು. ಇದು ನೆನಪಿಡ್ರಿ, ಮುಂದ ಬರ್ತದ.

ಎರಡನೇ ದಿನಕ್ಕ ಕಾಕಾ ವೆಂಟಿಲೇಟರ್ ಮ್ಯಾಲ ಹೋದ. ಎದಿಗಿ ಪೈಪ್ ಹಾಕಿದ್ರು. ಕಾಕಿಗಿ ಸೊಂಟದ ಎಲುಬು ಮುರಿದಿತ್ತು ಆದ್ರ ಮಾತಾಡ್ತಿದ್ಳು. ಹೈದರಾಬಾದಿನಾಗ ಎರಡು ಕಡಿ ಕೇಳಿದ್ವಿ, ಐಸಿಯು ಬೆಡ್ ಇಲ್ಲ ಅಂದ್ರು. ಬೆಂಗಳೂರಿನಾಗ ನಮ್ ತಂಗಿ ಇರ್ತಾಳ, ಅಲ್ಲಿ ಬೆಡ್ ಸಿಕ್ತು. ರೋಡಿನ ಮ್ಯಾಲ ಬೆಂಗಳೂರು ಅಂದ್ರ ಹತ್ತು ಹನ್ನೊಂದು ತಾಸು, ವೆಂಟಿಲೇಟರ್ ಪೇಷೆಂಟಗ ಆಗಂಗಿಲ್ಲ ಅಂತ ಡಾಕ್ಟ್ರು ಅಂದ ಮ್ಯಾಲ ಏರ್ ಆಂಬುಲೆನ್ಸ್ ಮಾತು ಬಂತು. ಒಂದು ಮಾತು ಇಲ್ಲೇ ಹೇಳ್ತೀನಿ, ಹೈದರಾಬಾದಿಗಿ ಒಯ್ಯೋದಿದ್ರ ವಿಮಾನ ಬ್ಯಾಡ, 220 ಕಿಲೋಮೀಟರ್ ಅದ, ವಿಮಾನ ಬೆಂಗಳೂರಿಂದ ಬಂದು, ಏರಿಸಿ, ಇಳಿಸಿ ಮಾಡೋದರಾಗ ರೋಡ್ ಆಂಬುಲೆನ್ಸ್ ಮುಟ್ಟಿರ್ತದ. ಇದು ನಾ ಹೇಳೋದಲ್ಲ, ಟೀಮಿನ ಡಾಕ್ಟ್ರೇ ಹೇಳಿದ್ದು. ಬೀದರ್‌ನವ್ರಿಗಂತೂ ಹೈದರಾಬಾದ್ ಇನ್ನಾ ಹತ್ರ.

ಏಜೆಂಟ್ ಬಗ್ಗಿ ಹೇಳ್ಬೇಕಂದ್ರ ಮೈ ಉರೀತದ. ಫೋನಿನಾಗ ಬೆಣ್ಣಿ. "ಸರ್ ಎರಡು ಪೇಷೆಂಟ್ ಆದ್ರೂ ಒಂದೇ ರೇಟ್ ಸರ್, ನಮ್ ವಿಮಾನದಾಗ ಎರಡು ಸ್ಟ್ರೆಚರ್ ಕೂಡ್ತಾವ ಸರ್." 4 ಲಕ್ಷ 80 ಸಾವಿರ ಅಂದ. ತಂಗಿ ಗಂಡ, ನಾ, ಬೀಗರು ಎಲ್ಲಾ ಕೂಡಿ ಅಡ್ವಾನ್ಸ್ ಹಾಕಿದ್ವಿ, ತೊಗರಿ ಮಾರಿದ ರೊಕ್ಕ ಇತ್ತಂತ ಆಯ್ತು ಇಲ್ಲಂದ್ರ ಬಂಗಾರ ಇಡಬೇಕಾಗ್ತಿತ್ತು. ಕಡೀಕ ಬಿಲ್ ಬಂದಿದ್ದು 5 ಲಕ್ಷ 65 ಸಾವಿರ.

ಆದ್ರ ಡಾಕ್ಟರ್ ಟೀಮ್ ಬ್ಯಾರೇನೇ. ರಾತ್ರಿ ಹತ್ತೂವರಿಗಿ ಅವ್ರ ಡಾಕ್ಟ್ರು ವಿಡಿಯೋ ಕಾಲ್ ಮಾಡಿ ನಮ್ ಐಸಿಯು ಡಾಕ್ಟರ್ ಜೋಡಿ ಇಪ್ಪತ್ತೈದು ನಿಮಿಷ ಮಾತಾಡಿದ್ರು. ತೂಕ ಎಷ್ಟು, ವೆಂಟಿಲೇಟರ್ ಸೆಟ್ಟಿಂಗ್ ಏನು, ಆಕ್ಸಿಜನ್ ಎಷ್ಟು ಪರ್ಸೆಂಟ್, ಎದಿ ಪೈಪಿನಾಗ ಗುಳ್ಳಿ ಬರ್ಲಾಕತ್ತಾವೇನು, ಹೊಟ್ಟಿ ಉಬ್ಬ್ಯಾದೇನು. ಹೊಟ್ಟಿ ಉಬ್ಬಿದ್ರ ಇವ್ರಿಗೇನು ಅಂತ ನಾ ಅಂದ್ಕೊಂಡೆ. ಆಮ್ಯಾಲ ಗೊತ್ತಾಯ್ತು, ವಿಮಾನದ ಒಳಗ ಗಾಳಿ ಒತ್ತಡ ಸುಮಾರು ಎಂಟು ಸಾವಿರ ಅಡಿ ಗುಡ್ಡದ ಮ್ಯಾಲ ಇದ್ದಂಗ ಆಗಬಹುದಂತ, ಅಲ್ಲಿ ಮೈಯಾಗ ಸಿಕ್ಕೊಂಡ ಗಾಳಿ ಮೂರನೇ ಒಂದು ಪಾಲು ಹಿಗ್ತದಂತ. ಮಹಾಬಳೇಶ್ವರಕ್ಕ ಹೋದಾಗ ಕುರ್ಕುರೆ ಪಾಕೀಟು ಉಬ್ಬಿ ಕುಂತಿದ್ದು ನೋಡೀರಲ್ಲ ಹಂಗ. ಎದ್ಯಾಗ ಗಾಳಿ ತುಂಬಿದವ್ನಿಗಿ ಪೈಪ್ ಇಲ್ಲದ ಮ್ಯಾಲೊಯ್ದ್ರ ಜೀವಾನೇ ಹೋಗಬಹುದು.

ಮುಂಜಾನಿ ವಿಮಾನ ಇಳೀತು, ಟೀಮ್ ಸೀದಾ ಐಸಿಯುಗಿ ಬಂತು. ಬಂದವರು ಹತ್ತು ನಿಮಿಷದಾಗ ಎತ್ತಿಕೊಂಡು ಹೋಗ್ತಾರ ಅಂತ ನಾವು ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ವಿ. ಒಂದು ತಾಸು ಐವತ್ತು ನಿಮಿಷ ಹೊರಗ ಬರ್ಲಿಲ್ಲ! ನಮ್ ಬೀಗರು "ಒಳಗೇನ್ ರಂಗೋಲಿ ಹಾಕ್ಲಾಕತ್ತಾರೇನು" ಅಂತ ಶುರು ಮಾಡಿದ್ರು. ಗಾಜಿನಾಗಿಂದ ನೋಡಿದೆ. ಎದಿ ಪೈಪಿನ ನೀರಿನ ಬಾಟಲಿ ತೆಗದು ಒಂದೇ ಕಡಿ ಗಾಳಿ ಬಿಡೋ ವಾಲ್ವ್ ಇರೋ ಚೀಲ ಹಾಕಿದ್ರು, ಔಷಧಿ ಎಲ್ಲಾ ತಮ್ಮ ಸಿರಿಂಜ್ ಪಂಪಿಗಿ ಬದಲ್ ಮಾಡಿದ್ರು, ತಮ್ಮ ವೆಂಟಿಲೇಟರಿಗಿ ಹಚ್ಚಿ ಅರ್ಧ ತಾಸು ಸುಮ್ಕ ನಿಂತು ನೋಡಿದ್ರು, ರಕ್ತ ತೆಗದು ಮತ್ತ ಚೆಕ್ ಮಾಡಿದ್ರು. ಇಲ್ಲಿ ಕೆಡೋದಿದ್ರ ಇಲ್ಲೇ ಕೆಡ್ಲಿ, ಮ್ಯಾಲ ಕೆಡಬಾರದು ಅನ್ನೋ ಲೆಕ್ಕ. ಬ್ರದರ್, ಅಂದ್ರ ಅವ್ರ ನರ್ಸು, ತೊಡಿ ಮ್ಯಾಲ ಬಿಳಿ ಟೇಪ್ ಅಂಟಿಸಿಕೊಂಡಿದ್ದ, ಅದರ ಮ್ಯಾಲ ಮಾರ್ಕರ್‌ಲೆ ಟೈಮು, ಬಿಪಿ, ಸಿಲಿಂಡರ್ ಪ್ರೆಶರು ಬರಕೋತ ಹೋಗ್ತಿದ್ದ. ಆಕ್ಸಿಜನ್ ಲೆಕ್ಕ ಹ್ಯಾಂಗ ಅಂತ ಆಮ್ಯಾಲ ಕೇಳಿದೆ. ನಮ್ ಕಡಿ ಸಿಗೋ ಬಿ ಟೈಪ್ ಸಿಲಿಂಡರ್ 1500 ಲೀಟರ್, ನಿಮಿಷಕ್ಕ 15 ಲೀಟರ್ ಹೋದ್ರ 100 ನಿಮಿಷಕ್ಕ ಖಾಲಿ. ರೋಡು, ಗೇಟು, ವಿಮಾನ, ಮತ್ತ ಬೆಂಗಳೂರಿನ ರೋಡು ಎಲ್ಲಾ ಕೂಡಿಸಿ ಬಂದದ್ದಕ್ಕ ಡಬಲ್ ಇಟ್ಕೋತಾರಂತ.

ಆ ಡಬಲ್ ಅನ್ನೋದು ಕೆಲಸಕ್ಕ ಬಂತು ನೋಡ್ರಿ. ಸೇಡಂ ರೋಡ್ ಹಿಡಿದು, ಬುದ್ಧವಿಹಾರ ದಾಟಿ, ಶ್ರೀನಿವಾಸ ಸರಡಗಿಗಿ ಏರ್‌ಪೋರ್ಟ್ ಮುಟ್ಟಿದ್ರ ಗೇಟಿನಾಗ ನಲವತ್ತು ನಿಮಿಷ ನಿಂತೀವಿ. ಯಾಕ? ಏಜೆಂಟ್ ಕಳಿಸಿದ ಲಿಸ್ಟಿನಾಗ ನನ್ನ ಹೆಸರು ಒಂದು ಥರಾ, ಆಧಾರಿನಾಗ ಒಂದು ಥರಾ. ಗೇಟಿನವ್ರ ತಪ್ಪೇನಿಲ್ಲ, ಅವ್ರ ಕೆಲಸಾನೇ ಅದು. ಬಿಸಲು ಅಂದ್ರ ನಮ್ ಕಲಬುರಗಿ ಏಪ್ರಿಲ್ ಬಿಸಲು, ಏಜೆಂಟ್ ಗೊತ್ತು ಮಾಡಿದ್ದ ಆಂಬುಲೆನ್ಸಿನ ಎಸಿ ಬಂದ್. ಬ್ರದರ್ ಒದ್ದಿ ಟವೆಲ್ ಮಾನಿಟರಿನ ಮ್ಯಾಲ ಹಾಕಿ ತಾ ಬೆವರಕೋತ ನಿಂತಿದ್ದ.

ಒಳಗ ಹೋದ್ವಿ. ಮೂರು ಕಿಲೋಮೀಟರಿಗಿಂತ ಉದ್ದ ರನ್‌ವೇ, ಅದರ ಬಾಜುಕ ಆಟಿಗಿ ಸಾಮಾನಿನಂಥ ವಿಮಾನ. ಎರಡು ಪಂಖ ಇರೋ ಕಿಂಗ್ ಏರ್. ಒಳಗ ನಮ್ ಕ್ರೂಸರಿಗಿಂತ ಒಂದೀಟು ದೊಡ್ಡದು ಅಷ್ಟೇ, ನೆಟ್ಟಗ ನಿಂದ್ರಲಾಕ ಬರಂಗಿಲ್ಲ. ಮತ್ತ ಸ್ಟ್ರೆಚರ್ ಒಂದೇ.

ಹಿಂದ ಎರಡನೇ ಆಂಬುಲೆನ್ಸಿನಾಗ ಕಾಕಿ ಬಂದಾಳ. ಆಕಿ ಮ್ಯಾಲಿನ ವಾರ್ಡಿನಾಗ ಇದ್ಳು, ಹಿಂಗಾಗಿ ಟೀಮಿಗಿ ಆಕಿ ಬಗ್ಗಿ ಗೊತ್ತೇ ಇಲ್ಲ, ಏಜೆಂಟ್ ಹೇಳಿರ್ತಾನ ಅಂತ ನಾವೂ ಬಾಯಿ ಬಿಟ್ಟಿಲ್ಲ. ಡಾಕ್ಟ್ರು "ಎರಡು ಪೇಷೆಂಟ್ ಅಂತ ನಮಗ ಯಾರೂ ಹೇಳಿಲ್ಲ" ಅಂದ್ರು. ನಾ ಬಾಯಿಗಿ ಬಂದಂಗ ಬೈದೆ, ಈಗ ನಾಚಿಕಿ ಬರ್ತದ. ಅವ್ರು ಒಂದು ಮಾತೂ ಹೊಳ್ಳಿ ಆಡ್ಲಿಲ್ಲ. ಕಾಕಿ ಆಂಬುಲೆನ್ಸ್ ಹತ್ತಿದ್ರು, ನಾಡಿ ಹಿಡಿದ್ರು, ಉಗುರು ಒತ್ತಿ ನೋಡಿದ್ರು, ಸೊಂಟಕ್ಕ ಕಟ್ಟಿದ ಪಟ್ಟಿ ಸಡಲ್ ಇತ್ತು ಅದನ್ನ ಬಿಗಿ ಮಾಡಿದ್ರು, ಎರಡು ಮಾತು ಕೇಳಿದ್ರು. ಎರಡು ನಿಮಿಷ ಆಗಿಲ್ಲ. ಕೆಳಗ ಇಳಿದು "ಇವ್ರು ರೋಡಿನ ಮ್ಯಾಲ ಹೋಗಬಹುದು, ಅವ್ರು ಹೋಗಲಾಕ ಆಗಂಗಿಲ್ಲ, ನೀವು ಹತ್ರಿ" ಅಂದ್ರು. ಐವತ್ತು ವರ್ಷ ಜೋಡಿ ಬಾಳ್ವಿ ಮಾಡಿದ ಹೆಂಗಸು, ಗಂಡನ ವಿಮಾನ ನೋಡ್ಕೋತ ಆ ಬಿಸಲಾಗ ಹೊಳ್ಳಿ ಹೋದ್ಳು. ಕೈ ಮಾಡಿದ್ಳು. ಯಾರಿಗಿ ಅಂತ ಮಾಡಿದ್ಳೋ, ಕಾಕಾಗ ಎಚ್ಚರಿಲ್ಲ.

ಪಂಖ ತಿರುಗೋಕ್ಕಿಂತ ಮೊದಲ ಡಾಕ್ಟ್ರು ಬ್ರದರಿಗಿ ಪರೀಕ್ಷಾ ಮಾಡಿದಂಗ ಕೇಳ್ತಾರ, "ಈಗ ಟ್ಯೂಬ್ ಕಿತ್ತಿ ಬಂತು, ಏನ್ ಮಾಡ್ತಿ?" ಅವ ಕೈ ಇಟ್ಟು ತೋರಿಸ್ತಾನ, ಬ್ಯಾಗ್ ಇಲ್ಲಿ, ಮಾಸ್ಕ್ ಇಲ್ಲಿ. "ವಿಮಾನದಾಗಿನ ಗಾಳಿ ಪ್ರೆಶರ್ ಬಿತ್ತು?" "ಬಿಪಿ ಬಿತ್ತು?" ಪೈಲಟಿಗೂ ಒಂದು ಕೇಳಿದ್ರು, ಕೆಳಗ ಹಾರಬೇಕಾದ್ರ ಎಣ್ಣಿ ಸಾಕಾಗ್ತದೇನಂತ. ಹಿಂದಿನ ಸೀಟಿನಾಗ ಕುಂತು ಇದನ್ನೆಲ್ಲಾ ಕೇಳಿ ನನಗ ಹೆದರಿಕಿ ಬರಬೇಕಿತ್ತು, ಉಲ್ಟಾ ಧೈರ್ಯ ಬಂತು. ಒಂದೂಕಾಲು ತಾಸಿನಾಗ ಎಚ್‌ಎಎಲ್ ಹಳೇ ಏರ್‌ಪೋರ್ಟಿಗಿ ಇಳದ್ವಿ. ಅಲ್ಲಿಂದ ಆಸ್ಪತ್ರಿಗಿ ಒಂಬತ್ತು ಕಿಲೋಮೀಟರ್, ಐವತ್ತು ನಿಮಿಷ. ಬೆಂಗಳೂರಿನವ್ರು ನಗಬ್ಯಾಡ್ರಿ.

ಕಾಕಾಗ ಅಲ್ಲಿನವ್ರಿಗಿ ಒಪ್ಪಿಸಿದ ಮ್ಯಾಲ ಬ್ರದರ್ ಹೊರಗ ಚಾ ಅಂಗಡ್ಯಾಗ ಸಿಕ್ಕ. ಮಾತಾಡಿದ್ರ ನಮ್ಮವನೇ, ಹುಮನಾಬಾದ್ ಕಡಿಯವ! ಅವ್ರ ಡಾಕ್ಟ್ರು ಮೊದಲ ಇಂಗ್ಲೆಂಡಿನಾಗ ಇದೇ ಕೆಲಸ ಮಾಡಿ ಬಂದಾರಂತ, ಟೀಮಿಗೆಲ್ಲಾ ಟ್ರೇನಿಂಗ್ ಅವ್ರದೇ. ನಾ ಇನ್ನಾ ಸಿಟ್ಟಿನಾಗೇ ಇದ್ದೆ, ನಿಮ್ದು ಒಂದು ಸ್ಟ್ರೆಚರ್, ನಾಳಿ ನಮ್ ಶರಣಬಸವೇಶ್ವರ ಜಾತ್ರ್ಯಾಗ ತೇರಿನ ಹತ್ರ ನೂಕುನುಗ್ಗಲಾಗಿ ನೂರು ಮಂದಿಗಿ ಪೆಟ್ಟಾದ್ರ ನೀವು ಬಂದೇನ್ ಕಿಸಿತೀರಿ ಅಂದೆ. ಅವ ನಕ್ಕ. "ಪೇಷೆಂಟ್ ಒಯ್ಯಲಾಕ ಬರಂಗಿಲ್ಲಣ್ಣ, ಬಂದ್ರ ಡಾಕ್ಟರ್ ತರ್ಲಾಕ ಬರ್ತೀವಿ" ಅಂದ.

ಅದಕ್ಕ ಅವ ಹೇಳಿದ ಉದಾಹರಣಿ ಲಂಡನ್‌ದು. 2005 ಜುಲೈ 7ಕ್ಕ ಅಲ್ಲಿ ಮೂರು ರೈಲು, ಒಂದು ಬಸ್ಸಿನಾಗ ಬಾಂಬ್ ಹೊಡೆದು 52 ಮಂದಿ ಸತ್ತಿದ್ರಲ್ಲ, ಆವತ್ತು ಲಂಡನ್ ಏರ್ ಆಂಬುಲೆನ್ಸಿನ ಹೆಲಿಕಾಪ್ಟರ್ ಮುಖ್ಯ ಮಾಡಿದ ಕೆಲಸ ಅಂದ್ರ ಡಾಕ್ಟರ್ ಟೀಮು, ಸಾಮಾನು ಒಂದೊಂದು ಜಾಗಕ್ಕ ಮುಟ್ಟಿಸೋದು. ಪೇಷೆಂಟ್ ಹೋಗಿದ್ದು ನೆಲದ ಮ್ಯಾಲೇ. ಆ ಸರ್ವಿಸ್ 1989ರಿಂದ ಅದ, ರಾತ್ರಿ ಹೆಲಿಕಾಪ್ಟರ್ ಹಾರಸಂಗಿಲ್ಲ, ಕಾರಿನಾಗ ಹೋಗ್ತಾರ. ಏರ್ ಆಂಬುಲೆನ್ಸ್ ಕಾರಿನಾಗ ಹೋಗೋದು ಅಂದ್ರ ನನಗ ನಗು ಬಂತು, ಆದ್ರ ವಿಚಾರ ಮಾಡಿದ್ರ ಬರಾಬರ್ ಅದ.

ಇನ್ನೊಂದು ಅಂದ, ದೊಡ್ಡ ಅಪಘಾತಕ್ಕ ಮೊದಲ ಮುಟ್ಟಿದ ಟೀಮು ಯಾರಿಗೂ ಔಷಧ ಕೊಡಂಗಿಲ್ಲ, ನಿಂತು ನೋಡಿ ರಿಪೋರ್ಟ್ ಮಾಡಬೇಕು. ಎದುರಿಗಿ ಮನಷಾ ಒದ್ದಾಡ್ತಿರ್ತಾನ ಅವನ್ನ ದಾಟಿ ಹೋಗಬೇಕು, ಟ್ರೇನಿಂಗಿನಾಗ ಎಲ್ಲಕ್ಕಿಂತ ಕಠಿಣ ಇದೇ ಅಂತ. ಆ ರಿಪೋರ್ಟಿಗಿ ಇಂಗ್ಲೆಂಡಿನವ್ರು ಮೀಥೇನ್ ಅಂತ ಹೆಸರಿಟ್ಟಾರ. ಗೋಬರ್ ಗ್ಯಾಸೇನ್ರಿ ಅಂದೆ. ಅಲ್ಲ, ಇಂಗ್ಲಿಷಿನ ಒಂದೊಂದು ಅಕ್ಷರಕ್ಕ ಒಂದೊಂದು ಮಾತು. ಇದು ದೊಡ್ಡ ಘಟನೆ ಅಂತ ಮೊದಲ ಸಾರಿಬಿಡಬೇಕು, ಆಮ್ಯಾಲ ಕರೆಕ್ಟ್ ಜಾಗ, ಏನ್ ನಮೂನಿ ಅಪಘಾತ, ಬೆಂಕಿ ಕರೆಂಟು ಗ್ಯಾಸು ಏನರ ಅಪಾಯ ಅದೇನು, ಯಾವ ದಾರೀಲೆ ಬರಬೇಕು ಯಾವ ದಾರಿ ಬಂದ್ ಆಗ್ಯದ, ಎಷ್ಟು ಮಂದಿಗಿ ಪೆಟ್ಟು, ಯಾರ್ಯಾರು ಬಂದಾರ ಇನ್ನಾ ಯಾರು ಬೇಕು. ಇಷ್ಟು ಹೋದ ಮ್ಯಾಲೇ ಹಿಂದಿನವ್ರು ಎಷ್ಟು ಗಾಡಿ ಅಂತ ಗೊತ್ತು ಮಾಡೋದು.

ಅವ ಹೇಳಿಕೋತ ಹೋದಂಗ ನನಗ ಚಾ ಗಂಟಲಾಗ ಇಳೀಲಿಲ್ಲ. ಜಾಗ ತಪ್ಪು ಹೇಳಿದವ ನಾನು. ಎಷ್ಟು ಮಂದಿ ಅಂತ ಹೇಳದವ ನಾನು. ಏಜೆಂಟ್ ಎರಡು ಪೇಷೆಂಟ್ ಅನ್ನೋ ಮಾತು ಡಾಕ್ಟರಿಗಿ ದಾಟಿಸಿಲ್ಲ ಅಂತ ಬೈಯ್ಲಾಕತ್ತೀನಿ, ನಾನೂ ಅದನ್ನೇ ಮಾಡೀನಿ.

ಚೀರೋರ ಹತ್ರ ಮೊದಲ ಹೋಗೋದು ಅಂದೆನಲ್ಲ, ಅದನ್ನೂ ಕೇಳಿದೆ. ಚೀರ್ತಾನ ಅಂದ್ರ ಉಸಿರು ಅದ ಅಂತ ಅರ್ಥ, ಸುಮ್ಕ ಮಲಗಿದವನ ಹತ್ರ ಮೊದಲ ಹೋಗ್ರಿ ಅಂದ. 1983ರಾಗ ಅಮೆರಿಕದ ಕ್ಯಾಲಿಫೋರ್ನಿಯಾದಾಗ ಒಂದು ಆಸ್ಪತ್ರಿಯವ್ರು, ಫೈರ್ ಬ್ರಿಗೇಡಿನವ್ರು ಕೂಡಿ ಸ್ಟಾರ್ಟ್ ಅಂತ ಪದ್ಧತಿ ಮಾಡಿದ್ರಂತ, ನಡೀಲಾಕ ಬರೋರೆಲ್ಲಾ ಆ ಕಡಿ ಹೋಗ್ರಿ ಅಂದ್ರ ಅವ್ರಿಗಿ ಹಸರು ಚೀಟಿ, ಉಳಿದವ್ರ ಉಸಿರು, ನಾಡಿ, ಹೇಳಿದ್ದು ತಿಳೀತದೋ ಇಲ್ಲೋ ಇಷ್ಟೇ ನೋಡಿ ಕೆಂಪೋ (ಮೊದಲ ನೋಡಬೇಕಾದವ್ರು) ಹಳದಿಯೋ (ಒಂದೀಟು ತಡೀಬಹುದಾದವ್ರು). ಶ್ವಾಸದ ದಾರಿ ತೆರದ್ರೂ ಉಸಿರಾಡದಿದ್ರ ಕರೀ ಚೀಟಿ. ಒಬ್ಬೊಬ್ಬರಿಗಿ ಒಂದು ನಿಮಿಷಾನೂ ಇಲ್ಲ. ಕಾಕಿ ಗಾಡ್ಯಾಗ ಡಾಕ್ಟ್ರು ಎರಡು ನಿಮಿಷ ಮಾಡಿದ್ದು ಹೆಚ್ಚುಕಮ್ಮಿ ಇದೇ ಕೆಲಸ. ಕಾಕಿ ಹಳದಿ, ಕಾಕಾ ಕೆಂಪು. ಹಂಗಂತ ತಿಳದ್ರೂ ಆಕಿ ಕೈ ಮಾಡಿದ್ದು ಕಣ್ಣ ಮುಂದಿಂದ ಹೋಗಂಗಿಲ್ಲ.

ಮತ್ತ ಹನ್ನೊಂದು ಮಂದೀನ ಒಂದೇ ಆಸ್ಪತ್ರಿಗಿ ಹಾಕಿದ್ದು ಕೇಳಿ ಅವ ತಲಿ ಅಲ್ಲಾಡಿಸಿದ. ಅಪಘಾತ ಆದ ಜಾಗ ಖಾಲಿ ಮಾಡಿ ಆಸ್ಪತ್ರ್ಯಾಗ ಅಪಘಾತ ತಂದಿಟ್ಟಂಗ ಆಯ್ತದು ಅಂದ. ಹಸರಿನವ್ರನ್ನ ದೂರದ್ದಕ್ಕ, ಕೆಂಪಿನವ್ರನ್ನ ಆಪರೇಷನ್ ಆಗೋ ಜಾಗಕ್ಕ ಹಂಚಬೇಕಂತ. ವಿಮಾನದ ಕೆಲಸ ಬರೋದು ಎರಡನೇ ದಿನ, ಊರಿನ ಐಸಿಯು ತುಂಬಿ ಹೋದಾಗ ಹಾರಲಾಕ ತಡಕೊಳ್ಳೋ ಪೇಷೆಂಟ್‌ನ ಬೆಂಗಳೂರಿನಂಥ ದೂರದ ಊರಿಗಿ ಒಯ್ದು ಇಲ್ಲಿ ಬೆಡ್ ಖಾಲಿ ಮಾಡಿ ಕೊಡೋದು. ಇದು ನನ್ನ ತಲಿಗಿ ಹೊಳೆದೇ ಇರ್ಲಿಲ್ಲ. ನಮ್ ಕಡೀನೂ ದೊಡ್ಡ ಅಪಘಾತ ಆಗಬಹುದಲ್ಲ, ಸೇಡಂ ಕಡಿ ಸಿಮೆಂಟ್ ಫ್ಯಾಕ್ಟರಿ ಅವ, ಯಾದಗಿರಿ ಕಡಿ ಕಡೇಚೂರಿನಾಗ ಕೆಮಿಕಲ್ ಫ್ಯಾಕ್ಟರಿ ಅವ, 2022 ಜೂನ್‌ನಾಗ ಕಮಲಾಪುರ ಹತ್ರ ಗೋವಾದಿಂದ ಹೈದರಾಬಾದಿಗಿ ಹೊಂಟಿದ್ದ ಬಸ್ಸಿಗಿ ಬೆಂಕಿ ಹತ್ತಿ ಮಂದಿ ಸುಟ್ಟು ಹೋಗಿದ್ದು ಯಾರೂ ಮರತಿಲ್ಲ. ಏರ್‌ಪೋರ್ಟಿನವ್ರಿಗಿ ಎರಡು ವರ್ಷದಾಗ ಒಂದು ಸಲ ಪೂರಾ ಮಾಕ್ ಡ್ರಿಲ್ ಮಾಡಲೇಬೇಕಂತ ಅಂತಾರಾಷ್ಟ್ರೀಯ ರೂಲ್ ಅದ. ಬ್ರದರ್ ಟೀಮಿನವ್ರು ಟೇಬಲ್ ಮ್ಯಾಲ ಊರಿನ ಮ್ಯಾಪ್ ಹಾಸಿ, ಇಸ್ಪೀಟ್ ಎಲಿ ಹಂಚಿ, ಒಂದೊಂದು ಎಲಿ ಒಂದೊಂದು ಪೇಷೆಂಟ್ ಅಂತ ಆಡ್ತಾರಂತ. ಜೋಕರ್ ಬಂದ್ರ ಫೋನ್ ನೆಟ್‌ವರ್ಕ್ ಹೋಯ್ತು ಅಂತ ಲೆಕ್ಕ! ಲಂಡನ್ನಿನಾಗ ಆವತ್ತು ಖರೇನೇ ಮೊಬೈಲ್ ಜಾಮ್ ಆಗಿ ಭಾಳ ತೊಂದರಿ ಆಗಿತ್ತಂತ.

ಸರಿ, ರೇಟಿಂಗಿಗಿ ಬರ್ತೀನಿ. ಡಾಕ್ಟರ್, ಬ್ರದರ್, ಪೈಲಟ್ ಇವ್ರಿಗಿ ಐದಕ್ಕ ಐದು, ಆರು ಕೊಡೋಹಂಗಿದ್ರ ಆರು. ವಿಮಾನ ಹಳೇದು, ಸೀಟು ಹರದಿತ್ತು, ಆದ್ರ ಸಾಮಾನೆಲ್ಲಾ ಸ್ವಚ್ಛ. ನೆಲದ ಮ್ಯಾಲಿನ ಆಂಬುಲೆನ್ಸಿಗಿ ಒಂದು. ಏಜೆಂಟಗ ಅರ್ಧ, ಅದೂ ಫೋನ್ ಎತ್ತಿದ್ದಕ್ಕ, ಅಡ್ವಾನ್ಸ್ ಬೀಳೋತನಕ ಎತ್ತಿದ ಆಮ್ಯಾಲ ಅದೂ ಇಲ್ಲ. ಬಿಲ್ಲಿನಾಗ ಹೆಚ್ಚಾಗಿದ್ದು 85 ಸಾವಿರಕ್ಕ ಕಾಯುವ ಚಾರ್ಜು, ಇತರೆ ಖರ್ಚು ಅಂತ ಬರದಾನ. ಕಾಯಿಸಿದ್ದು ನಿನ್ನ ಸ್ಪೆಲ್ಲಿಂಗ್ ತಮ್ಮಾ, ಅದರ ರೊಕ್ಕ ನಾ ಯಾಕ ಕೊಡ್ಲಿ.

ಯಾರಿಗರ ಬೇಕಾದ್ರ, ಬ್ಯಾಡ ಆಗ್ಲಿ ದೇವರೇ, ಬೇಕಾದ್ರ ಏಜೆಂಟ್ ಜೋಡಿ ರೇಟ್ ಮಾತಾಡೋಕ್ಕಿಂತ ಮೊದಲ ಹಾರೋ ಡಾಕ್ಟರ್ ಜೋಡಿನೇ ಮಾತಾಡಸು ಅಂತ ಹಟ ಹಿಡೀರಿ. ಎಷ್ಟು ಪೇಷೆಂಟು, ಎಷ್ಟು ಸ್ಟ್ರೆಚರು, ಜೋಡಿ ಎಷ್ಟು ಮಂದಿ ಅನ್ನೋದು ಮೆಸೇಜಿನಾಗ ಬರಸಿಕೊಳ್ರಿ. ಆಧಾರಿನಾಗ ಹ್ಯಾಂಗ ಅದ ಹಂಗೇ ಹೆಸರು ಕಳಿಸ್ರಿ. ಆಕ್ಸಿಡೆಂಟ್ ಕೇಸ್ ಆದ್ರ ಪೊಲೀಸ್ ಎಂಎಲ್‌ಸಿ (ಆಸ್ಪತ್ರಿಯವ್ರು ಪೊಲೀಸರಿಗಿ ತಿಳಿಸೋ ಮೆಡಿಕೋ-ಲೀಗಲ್ ಕೇಸ್) ಕಾಗದ ಜೆರಾಕ್ಸ್ ಕೈಯಾಗಿರ್ಲಿ. ಬ್ಯಾಗ್ ಸಣ್ಣದು ಒಯ್ಯಿರಿ, ನಮ್ ತಾಯಿ ಕೊಟ್ಟ ರೊಟ್ಟಿ ಗಂಟು, ಶೇಂಗಾ ಹಿಂಡಿ ಡಬ್ಬಿ ತೂಕ ಅಂತ ಅಲ್ಲೇ ಇಳಿಸಿದ್ರು. ಪಾಲಿಸಿ ಇದ್ರ ಏರ್ ಆಂಬುಲೆನ್ಸ್ ಅದರಾಗ ಅದೇನು, ಎಷ್ಟರ ತನಕ ಅದ ಅಂತ ಮೊದಲ ಓದ್ರಿ, ನಮ್ದರಾಗ ಇತ್ತು ಆದ್ರ ಅರ್ಧಾನೂ ಬರ್ಲಿಲ್ಲ.

ಕಾಕಾ ಮೂವತ್ನಾಕು ದಿನಕ್ಕ ಮನಿಗಿ ಬಂದ. ಕಾಕಿ ಮರುದಿನ ರೋಡಿನ ಮ್ಯಾಲೇ ಹೋಗಿ ಆಪರೇಷನ್ ಮಾಡಿಸಿಕೊಂಡು ಈಗ ವಾಕರ್ ಹಿಡ್ಕೊಂಡು ಓಡಾಡ್ತಾಳ. ಗಂಡ ವಿಮಾನದಾಗ ಹೋದ ತಾ ಗಾಡ್ಯಾಗ ಹೋದೆ ಅಂತ ಬಂದೋರ ಮುಂದೆಲ್ಲಾ ಹೇಳ್ತಾಳ, ಕಾಕಾ ನನಗೇನ್ ನೆನಪದಲೇ ವಿಮಾನ ಅಂತಾನ. ಒಂದೇ ರೇಟ್ ಅಂದವನೇ ಆಮ್ಯಾಲ ಎರಡನೇ ಪೇಷೆಂಟಿಂದು ಅಂತ ಬ್ಯಾರೆ ತೊಗೊಂಡಿದ್ದ 40 ಸಾವಿರ ಅಡ್ವಾನ್ಸ್ ಹೊಳ್ಳಿ ಕೊಡ್ತೀನಿ ಅಂತ ಏಜೆಂಟ್ ಜೂನಿನಾಗ ಅಂದಾನ, ಮೆಸೇಜ್ ಹಾಕಿದ್ರ ನೀಲಿ ಟಿಕ್ ಬೀಳ್ತದ ಉತ್ತರ ಬರಂಗಿಲ್ಲ. ಬಂದ ದಿನ ಇಲ್ಲೇ ಎಡಿಟ್ ಮಾಡಿ ಅರ್ಧ ಸ್ಟಾರ್‌ನ ಒಂದು ಮಾಡ್ತೀನಿ.